ನೀನು ಮಗೂಗೆ ಏನಾಗ್ಬೇಕು?

ಕನೀಜ್ ಮದುವೆಯಾಗಲಿಲ್ಲ. ಆಗಬಾರದು ಅಂತೇನೂ ಇರಲಿಲ್ಲ. ತಮ್ಮ ಮೆಹಬೂಬ್ ಪಾಷಾನ ಹೆಂಡತಿ ಹೆರಿಗೆಯಾದ ಕೆಲವೇ ದಿನಕ್ಕೆ ಜ್ವರ ಬಂದು ತೀರಿಕೊಂಡಾಗ, ಹಸಿಗೂಸು ಕನೀಜಳ ಮಡಿಲಿಗೆ ಬಂತು. ಮರುವರ್ಷ ಚಿಕ್ಕಬಳ್ಳಾಪುರದಿಂದ ಒಂದು ಸಂಬಂಧ ಬಂದಿತ್ತು. ಗಂಡು ಒಳ್ಳೆಯವನೇ, ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದ. ಮಗುವನ್ನು ಬಿಟ್ಟು ಬರಬೇಕು ಅಂದ. ಕನೀಜ್ ಆಗಲ್ಲ ಅಂದಳು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ.

ಮನೆ ಇದ್ದದ್ದು ಯಶವಂತಪುರದಲ್ಲಿ, ತುಮಕೂರು ರಸ್ತೆಯ ಲಾರಿ ಶೆಡ್ಡುಗಳ ಹಿಂದಿನ ಹೆಂಚಿನ ಸಾಲಿನಲ್ಲಿ. ಮೆಹಬೂಬ್ ಪಾಷಾ ಲಾರಿ ಡ್ರೈವರ್. ಹುಬ್ಬಳ್ಳಿ, ಪೂನಾ, ಬೊಂಬಾಯಿ ಅಂತ ಹೋದರೆ ಯಾವಾಗ ಬರುತ್ತಾನೆ ಅಂತ ಅವನಿಗೇ ಗೊತ್ತಿರುತ್ತಿರಲಿಲ್ಲ. ಕನೀಜ್ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಚಿಕ್ಕಂದಿನಲ್ಲಿ ಕನ್ನಡ ಶಾಲೆಗೆ ಐದನೇ ಕ್ಲಾಸಿನವರೆಗೆ ಹೋಗಿದ್ದರಿಂದ ಬೀದಿಯ ಹೆಂಗಸರಿಗೆಲ್ಲ ಅವಳೇ ಓದುಬರಹದವಳು. ರೇಷನ್ ಅಂಗಡಿಯವನ ಹತ್ತಿರ ಜಗಳ ಆಡಬೇಕಾದರೂ, ಆಸ್ಪತ್ರೆಯ ಚೀಟಿ ಓದಬೇಕಾದರೂ ಅವಳನ್ನೇ ಕರೆಯುತ್ತಿದ್ದರು. ಕನ್ನಡ ಮಾತಾಡಿದರೆ ಸಾಬರ ಮನೆಯವಳು ಅಂತ ಗೊತ್ತಾಗುತ್ತಿರಲಿಲ್ಲ. ಮನೆಯೊಳಗೆ ಬಂದರೆ ಮಾತ್ರ ದಖ್ಖನಿ ಉರ್ದು.

ಮಗುವಿನ ಹೆಸರು ನಜ್ಮುನ್ನೀಸಾ. ಎಲ್ಲರಿಗೂ ನಜ್ಮಾ. ಅಪ್ಪನ ಅಕ್ಕನನ್ನು ಅವರಲ್ಲಿ ಕರೆಯುವ ಹಾಗೆ ಅವಳು ಕನೀಜಳನ್ನು ಫುಪ್ಪು ಅಂತಿದ್ದಳು. ಅಮ್ಮ ಅಂತ ಕರೆಯಲು ಕನೀಜ್ ಯಾವತ್ತೂ ಬಿಡಲಿಲ್ಲ. ಸತ್ತವಳ ಜಾಗ ಸತ್ತವಳಿಗೇ ಇರಲಿ ಅನ್ನೋದು ಅವಳ ಮನಸ್ಸು.

ಇದು ಎಪ್ಪತ್ತೊಂಬತ್ತನೇ ಇಸವಿಯ ಮಾತು. ದಸರಾ ರಜ ಮುಗಿದು ಶಾಲೆ ತೆರೆದಿತ್ತು. ನಜ್ಮಾಗೆ ಏಳು ವರ್ಷ, ಎರಡನೇ ಕ್ಲಾಸು. ಮಧ್ಯಾಹ್ನದ ಬೆಲ್ಲು ಹೊಡೆದರೆ ಊಟಕ್ಕೆ ಮನೆಗೆ ಓಡಿಬರುತ್ತಿದ್ದಳು. ಆವತ್ತು ಬರಲಿಲ್ಲ. ಕನೀಜ್ ತಟ್ಟೆ ಹಾಕಿಟ್ಟು, ಬಾಗಿಲಲ್ಲಿ ನಿಂತು ನೋಡಿದಳು. ಬೇರೆ ಮಕ್ಕಳು ಉಂಡು ವಾಪಸ್ ಹೋಗುವುದು ಕಂಡಾಗ ಊದುಬತ್ತಿಯ ಹಿಟ್ಟಿನ ಕೈ ತೊಳೆಯದೆ ಹೊರಟಳು.

ಶಾಲೆಯ ಮೇಡಮ್ಮು ಎಲ್ಲರ ಜೊತೆ ಹೋದಳಲ್ಲ ಅಂದರು. ಶಾಲೆಯ ಗೇಟಿನ ಎದುರು ಸೊಪ್ಪು ಮಾರುವ ಸುಬ್ಬಮ್ಮ ದಿನಾ ಸಿಂಗಾಪುರ ಅನ್ನೋ ಹತ್ತಿರದ ಹಳ್ಳಿಯಿಂದ ಬರುತ್ತಿದ್ದವಳು. ಅವಳಿಗೆ ನಜ್ಮಾ ಗೊತ್ತು. ಕನೀಜಳ ಮುಖ ನೋಡಿಯೇ ಬುಟ್ಟಿ ಪಕ್ಕಕ್ಕಿಟ್ಟು ಎದ್ದಳು.

"ನಿಮ್ಮೋರು ಯಾರೋ ಅಂದ್ಕಂಡೆ ಕಣಮ್ಮ. ಅಸಿರು ಸೀರೆ ಉಟ್ಟಿದ್ಲು. ಕೈ ಇಡ್ಕಂಡು ಟೇಸನ್ ಕಡೀಕೆ ಓದ್ಲು. ಮಗ ಇಂದಕ್ಕೆ ಇಂದಕ್ಕೆ ಜಗ್ತಿತ್ತು."

ಹಿಂದಕ್ಕೆ ಜಗ್ಗುತ್ತಿತ್ತು ಅನ್ನೋ ಮಾತು ಕೇಳಿದ ಮೇಲೆ ಕನೀಜಳಿಗೆ ಅನುಮಾನ ಉಳಿಯಲಿಲ್ಲ. ರೈಲ್ವೆ ಸ್ಟೇಷನ್ನಿಗೆ ಓಡಿದಳು. ಅವಳು ಪ್ಲಾಟ್‌ಫಾರ್ಮ್ ಮುಟ್ಟುವ ಹೊತ್ತಿಗೆ ಅರಸೀಕೆರೆ ಕಡೆಯ ಪ್ಯಾಸೆಂಜರ್ ಗಾಡಿ ಹೊರಟು ಹೊಗೆ ಮಾತ್ರ ಕಾಣುತ್ತಿತ್ತು. ಗೂಡ್ಸಿನ ಮೂಟೆ ಹೊರುತ್ತಿದ್ದ ಒಬ್ಬ ಹಮಾಲಿ, ಹಸಿರು ಸೀರೆಯವಳು, ಅಳುವ ಹುಡುಗಿ, ಜೊತೆಗೆ ಒಬ್ಬ ಗಂಡಸು ಹಿಂದಿನ ಡಬ್ಬಿ ಹತ್ತಿದ್ದನ್ನು ನೋಡಿದೆ ಅಂದ. ಮಗಳಿಗೆ ಹುಷಾರಿಲ್ಲ, ಅದಕ್ಕೇ ಅಳ್ತಾಳೆ ಅಂತ ಆ ಹೆಂಗಸು ಅವನಿಗೆ ಹೇಳಿದ್ದಳಂತೆ.

ಅಲ್ಲೇ ರೈಲ್ವೆ ಪೊಲೀಸರ ಒಂದು ಕೋಣೆ ಇತ್ತು. ಒಳಗಿದ್ದ ಪೊಲೀಸಪ್ಪ ಎಲ್ಲ ಕೇಳಿಸಿಕೊಂಡ. ಮಗುವನ್ನು ಹಿಡಿದದ್ದು ಎಲ್ಲಿ ಅಂತ ಕೇಳಿದ. ಶಾಲೆ ಮುಂದೆ ಅಂದಳು. ಹಾಗಾದರೆ ಅದು ಊರ ಠಾಣೆಗೆ ಸೇರಿದ್ದು, ರೈಲ್ವೆಗೆ ಬರಲ್ಲ, ಅಲ್ಲಿ ದೂರು ಬರೆಸಿ ಅಂದ. ಗಾಡಿ ಈಗ ತಾನೆ ಹೋಯ್ತು ಸಾರ್, ಮುಂದಿನ ಸ್ಟೇಷನ್ನಿಗೆ ಒಂದು ಫೋನ್ ಮಾಡಿಸಿ ಸಾಕು ಅಂದಳು. ದೂರಿಲ್ಲದೆ ಹೇಗೆ ಮಾಡೋದಮ್ಮ, ಹೋಗು ಬೇಗ, ಅಲ್ಲಿಂದ ನಮಗೆ ಹೇಳ್ತಾರೆ ಅಂದ. ಒರಟಾಗಿ ಏನೂ ಹೇಳಲಿಲ್ಲ. ಅದೇ ಅವಳಿಗೆ ಆಮೇಲೆ ಹೆಚ್ಚು ಉರಿದದ್ದು. ಬೈದಿದ್ದರೆ ಅಲ್ಲೇ ನಿಂತು ಕೂಗಾಡಬಹುದಿತ್ತು. ಸಮಾಧಾನವಾಗಿ ಹೇಳಿದ ಅಂತ ನಂಬಿ ಓಡಿದಳು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಇರಲಿಲ್ಲ. ಪೀಣ್ಯದಲ್ಲಿ ಯಾವುದೋ ಕಾರ್ಖಾನೆಯ ಉದ್ಘಾಟನೆಗೆ ಮಂತ್ರಿ ಬಂದಿದ್ದರು. ಜೀಪು, ಇನ್‌ಸ್ಪೆಕ್ಟರು, ಮುಕ್ಕಾಲು ಪಾಲು ಪೊಲೀಸರು ಬಂದೋಬಸ್ತಿಗೆ ಹೋಗಿದ್ದರು. ದೂರು ಬರೆದುಕೊಳ್ಳುವ ರೈಟರ್ ನರಸಿಂಹಯ್ಯ ಮೇಜಿನ ಹಿಂದೆ ಕೂತಿದ್ದ. ಒಬ್ಬ ಕಾನ್‌ಸ್ಟೇಬಲ್ ಬಾಗಿಲ ಹತ್ತಿರ ನಿಂತಿದ್ದ. ಅವನು ಬಿಜಾಪುರದ ಕಡೆಯ ಸಿದ್ರಾಮಪ್ಪ, ಬೆಂಗಳೂರಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ.

ಕನೀಜ್ ಉಸಿರು ಕಟ್ಟಿಕೊಂಡು ಒಂದೇ ಸಲಕ್ಕೆ ಎಲ್ಲ ಹೇಳಿದಳು. ಶಾಲೆ, ಸೊಪ್ಪಿನವಳು, ಹಮಾಲಿ, ಹೋದ ಗಾಡಿ. ನರಸಿಂಹಯ್ಯ ಪೆನ್ನಿನ ಕ್ಯಾಪು ತೆಗೆಯಲಿಲ್ಲ.

"ನೀನು ಮಗೂಗೆ ಏನಾಗ್ಬೇಕು?"

"ಅತ್ತೆ ಸಾರ್. ಅವಳಪ್ಪ ನನ್ನ ತಮ್ಮ."

"ತಾಯಿ ಎಲ್ಲಿ?"

ತೀರಿಕೊಂಡಳು ಅಂದಳು. ತಂದೆ ಎಲ್ಲಿ ಅಂದ. ಲಾರಿ ಮೇಲೆ ಹೋಗಿದ್ದಾನೆ, ಹುಬ್ಬಳ್ಳಿ ದಾಟಿರಬೇಕು ಅಂದಳು. ನರಸಿಂಹಯ್ಯ ಕುರ್ಚಿಗೆ ಒರಗಿದ. ತಂದೆ ಬರಲಿ, ಅವನ ಕೈಲೇ ಬರೆಸೋಣ ಅಂದ. ನಾಳೆ ಆ ತಂದೆಯೇ ಬಂದು ಮಗುವನ್ನು ನಾನೇ ಸಂಬಂಧಿಕರ ಜೊತೆ ಕಳಿಸಿದ್ದೆ ಅಂದರೆ ತನ್ನ ಗತಿ ಏನು ಅಂದ. ಇಂಥದ್ದು ಎಷ್ಟೋ ನೋಡಿದ್ದೀನಿ, ಸಂಜೆ ಹೊತ್ತಿಗೆ ಮಕ್ಕಳು ಮನೆಗೆ ಬಂದಿರುತ್ತವೆ ಅಂದ. ಬೆಳಿಗ್ಗೆ ಹೊಡೆದಿದ್ದೆಯಾ, ಬೈದಿದ್ದೆಯಾ ಅಂತ ಕೇಳಿದ. ಸತ್ತವಳ ತೌರಿನವರು ಕರೆದುಕೊಂಡು ಹೋಗಿರಬಹುದಲ್ಲ ಅಂದ. ತಮ್ಮನ ಹೆಂಡತಿಯ ಕಡೆ ಒಬ್ಬ ಮುದುಕನ ಹೊರತು ಯಾರೂ ಇಲ್ಲ ಅಂದರೆ ಆ ಮುದುಕನ ಮನೆ ನೋಡಿದೆಯಾ ಅಂದ. ಮುದುಕ ಇದ್ದದ್ದು ಊರಿನ ಇನ್ನೊಂದು ದಿಕ್ಕಿಗೆ, ಕೋಗಿಲು ಹತ್ತಿರ. ಗಾಡಿ ಹೋದದ್ದು ತುಮಕೂರಿನ ಕಡೆ.

ಮಗುವಿನ ಫೋಟೋ ಕೇಳಿದ. ಫೋಟೋ ತೆಗೆಸಿರಲಿಲ್ಲ. ಅದಕ್ಕೂ ತಲೆಯಾಡಿಸಿದ, ಇವಳದೇ ತಪ್ಪು ಅನ್ನುವ ಹಾಗೆ.

ಮೇಜಿನ ಮೇಲೆ ಕಪ್ಪು ಫೋನ್ ಇತ್ತು. ಕನೀಜ್ ಅದನ್ನೇ ನೋಡುತ್ತಾ, ದೂರು ಆಮೇಲೆ ಬರೀರಿ ಸಾರ್, ಯಾರ ಹೆಸರಲ್ಲಾದರೂ ಬರೀರಿ, ಈಗ ಒಂದು ಫೋನ್ ಮಾಡಿ ಅಂತ ಕೈ ಮುಗಿದಳು. ಸಾಹೇಬರಿಲ್ಲದೆ ತಾನು ಮಾಡುವ ಹಾಗಿಲ್ಲ ಅಂದ. ಸಾಹೇಬರು ಯಾವಾಗ ಬರ್ತಾರೆ ಅಂದರೆ ಮಂತ್ರಿಗಳು ಹೋದ ಮೇಲೆ ಅಂದ. ಅವಳು ಮತ್ತೆ ಅದೇ ಮಾತು ಹೇಳಿದಳು. ಮೂರನೇ ಸಲ ಹೇಳಿದಾಗ ಅವನಿಗೆ ಸಿಟ್ಟು ಬಂತು. ಬೆಂಚಿನ ಮೇಲೆ ಕೂತ್ಕೋ, ಇಲ್ಲ ಮನೆಗೆ ಹೋಗು, ಗಲಾಟೆ ಮಾಡ್ಬೇಡ ಅಂದ.

ಕನೀಜ್ ಕೂರಲಿಲ್ಲ. ತನ್ನ ಕನ್ನಡ ಇಷ್ಟು ಚೆನ್ನಾಗಿದ್ದೂ ಈ ಮನುಷ್ಯನಿಗೆ ಒಂದು ಮಾತೂ ತಲುಪುತ್ತಿಲ್ಲವಲ್ಲ ಅಂತ ಅವಳಿಗೆ ಅನ್ನಿಸಿತು. ಬೀದಿಯ ಹೆಂಗಸರಿಗೆಲ್ಲ ಮಾತಾಡಿ ಕೆಲಸ ಮಾಡಿಸಿಕೊಟ್ಟವಳು ತನ್ನ ಮಗುವಿಗಾಗಿ ಮಾತಾಡುವಾಗ ಸೋತು ನಿಂತಿದ್ದಳು. ಹೊರಗೆ ಬಂದು ಮೆಟ್ಟಿಲಿಳಿದಳು.

ಹಿಂದೆಯೇ ಸಿದ್ರಾಮಪ್ಪ ಬಂದ. ಒಳಗೆ ಒಮ್ಮೆ ತಿರುಗಿ ನೋಡಿ, ಟೋಪಿ ಸರಿಮಾಡಿಕೊಂಡ.

"ಬರ್ರಿ ಅಕ್ಕಾರ. ಸ್ಟೇಷನ್ ಮಾಸ್ತರ್ ಕಡೆ ಹೋಗೂಣು. ನಾನೇ ಬರದ ಕೊಡ್ತೀನಿ."

ಇಬ್ಬರೂ ಬೇಗ ಬೇಗ ನಡೆದರು. ಲಾರಿಗಳ ಸಾಲು ರಸ್ತೆಗೆ ಅಡ್ಡ ನಿಂತು ದಾಟಲು ಬಿಡಲಿಲ್ಲ. ಸ್ಟೇಷನ್ ಮಾಸ್ಟರ್ ವಯಸ್ಸಾದ ಮನುಷ್ಯ. ನಿವೃತ್ತಿ ಹತ್ತಿರ ಬಂದಿತ್ತು. ಪೊಲೀಸಿನವರು ಬರೆದು ಕೊಟ್ಟರೆ ಮಾಡುತ್ತೀನಿ ಅಂದರು. ಸಿದ್ರಾಮಪ್ಪ ಅಲ್ಲೇ ಒಂದು ಹಾಳೆ ಕೇಳಿ ಪಡೆದು ಬರೆದು ಸಹಿ ಹಾಕಿದ. ಅವರು ಓದಿ, ನೀವು ಕಾನ್‌ಸ್ಟೇಬಲ್ಲು, ಅಧಿಕಾರಿ ಸಹಿ ಬೇಕಲ್ಲ ಅಂದರು. ಈ ಹಿಂದೆ ಯಾರೋ ಹೇಳಿದರು ಅಂತ ಗಾಡಿ ನಿಲ್ಲಿಸಿ ಅವರು ಮೆಮೋ ತಿಂದಿದ್ದರಂತೆ. ಸಿದ್ರಾಮಪ್ಪ ಮಾತು ಮುಂದುವರಿಸಿದ. ಗಾಡಿ ನಿಲ್ಲಿಸೋದು ಬ್ಯಾಡ್ರಿ, ನಿಂತಾಗ ಡಬ್ಬಿ ನೋಡಿದರ ಸಾಕು ಅಂದ. ಅದು ಅವರಿಗೆ ಒಪ್ಪಿಗೆಯಾಯಿತು. ಫೋನ್ ತಿರುಗಿಸಿದರು. ಲೈನು ಸಿಗಲು ಹೊತ್ತಾಯಿತು. ಸಿಕ್ಕಾಗ ಆ ಕಡೆಯವರು ಗಾಡಿ ತುಮಕೂರು ಬಿಟ್ಟಾಯಿತು ಅಂದರು. ಮುಂದಿನ ದೊಡ್ಡ ಸ್ಟೇಷನ್ನಿಗೆ ಹೇಳಿದರು. ಅಲ್ಲಿಯವರು ನೋಡ್ತೀವಿ ಅಂದರು. ನೋಡಿದರೋ ಇಲ್ಲವೋ, ಮತ್ತೆ ಏನೂ ಸುದ್ದಿ ಬರಲಿಲ್ಲ.

ಸಾಯಂಕಾಲ ಇನ್‌ಸ್ಪೆಕ್ಟರ್ ಜೀಪಿನಲ್ಲಿ ಬಂದ. ಬಂದವನೇ ಸಿದ್ರಾಮಪ್ಪನ ಚೀಟಿಯ ವಿಷಯ ಕೇಳಿ, ಯಾರನ್ನು ಕೇಳಿ ಬರೆದೆ ಅಂತ ಎಲ್ಲರೆದುರು ಗದರಿಕೊಂಡ. ಆಮೇಲೆ ಕನೀಜಳನ್ನು ಕೂರಿಸಿ ಕೇಳತೊಡಗಿದ. ತಮ್ಮನಿಗೆ ಎರಡನೇ ಮದುವೆ ಮಾಡುವ ಮಾತು ನಡೆದಿದೆಯಾ, ಮಗು ಭಾರ ಅಂತ ಅನ್ನಿಸಿತ್ತಾ, ನಿನಗೆ ಯಾಕೆ ಮದುವೆಯಾಗಿಲ್ಲ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಉತ್ತರ ಕೊಡದಿದ್ದರೆ ಹುಡುಕಲು ಹೋಗುವುದಿಲ್ಲ ಅನ್ನೋ ಭಯ.

ಹುಡುಕಲು ಹೊರಟರು ನಿಜ. ಹೊರಟದ್ದು ಅವಳ ಮನೆಗೆ. ಊದುಬತ್ತಿಯ ಹಿಟ್ಟಿನ ಡಬ್ಬ, ನೀರಿನ ಡ್ರಮ್ಮು, ಮಂಚದ ಕೆಳಗೆ ಎಲ್ಲ ನೋಡಿದರು. ಲಾರಿ ಶೆಡ್ಡಿನ ಹಿಂದಿನ ಪಾಳು ಬಾವಿಗೆ ಪಾತಾಳಗರಡಿ ಇಳಿಬಿಟ್ಟು ಜಾಲಾಡಿದರು. ಬೀದಿಯವರೆಲ್ಲ ಸುತ್ತ ನಿಂತಿದ್ದರು. ಅದರ ಕೊಕ್ಕೆಗೆ ಹಳೆಯ ಕೊಡವೊಂದು ಸಿಕ್ಕಿ ಮೇಲೆ ಬರುವಾಗ ಹೆಂಗಸರು ಮುಖ ಮುಚ್ಚಿಕೊಂಡರು. ಕನೀಜ್ ಮುಚ್ಚಿಕೊಳ್ಳಲಿಲ್ಲ. ಮಗು ರೈಲಿನಲ್ಲಿ ಹೋಗಿದೆ ಅಂತ ಮಧ್ಯಾಹ್ನದಿಂದ ಹೇಳುತ್ತಿದ್ದೀನಿ, ಇವರು ಬಾವಿಗೆ ಹಗ್ಗ ಬಿಡುತ್ತಿದ್ದಾರೆ ಅಂತ ಪಕ್ಕದವಳಿಗೆ ಹೇಳಿದಳು. ಪಕ್ಕದವಳು ಸ್ವಲ್ಪ ದೂರ ಸರಿದು ನಿಂತಳು. ಆ ಸರಿದು ನಿಂತದ್ದು ಕನೀಜಳಿಗೆ ತಿಳಿಯಿತು.

ಲಾರಿ ಮಾಲೀಕರು ಸುದ್ದಿ ಮುಟ್ಟಿಸಿ ಮೆಹಬೂಬ್ ಪಾಷಾ ಬಂದದ್ದು ಮಾರನೆಯ ದಿನ. ಆಗ ದೂರು ಬರೆದುಕೊಂಡರು. ಮಗುವಿನ ವಯಸ್ಸು ಕೇಳಿದಾಗ ಅವನು ಎಂಟೋ ಒಂಬತ್ತೋ ಅಂದ. ನರಸಿಂಹಯ್ಯ ಒಂಬತ್ತು ಅಂತ ಬರೆದ. ಬಟ್ಟೆ ಯಾವುದು ಅಂದಾಗ ಅವನಿಗೆ ತೋಚದೆ ನೀಲಿ ಅಂದ. ಗೋಡೆಯ ಪಕ್ಕ ನಿಂತಿದ್ದ ಕನೀಜ್, ಏಳು ವರ್ಷ ಸಾರ್, ಶಾಲೆಯ ಬಿಳಿ ಅಂಗಿ, ಕಂದು ಲಂಗ ಅಂದಳು. ದೂರು ಕೊಡ್ತಾ ಇರೋದು ತಂದೆ, ಅವನು ಹೇಳ್ಲಿ ಅಂದ ನರಸಿಂಹಯ್ಯ. ಮೆಹಬೂಬ್ ಪಾಷಾ ಅಕ್ಕ ಹೇಳಿದ್ದೇ ಸರಿ ಅಂದ. ಬರೆದದ್ದನ್ನು ತಿದ್ದಲಾಗದು ಅಂತ ಹಾಗೇ ಬಿಟ್ಟರು. ತಮ್ಮನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಮಗಳನ್ನು ಬಿಟ್ಟು ದುಡಿಯಲು ಹೋದವನಿಗೆ ಲಂಗದ ಬಣ್ಣ ಎಲ್ಲಿ ಗೊತ್ತಿರುತ್ತೆ.

ಆಮೇಲಿನ ದಿನಗಳಲ್ಲಿ ಕನೀಜ್ ಬೆಳಗಾದರೆ ಠಾಣೆಯ ಮುಂದೆ ಇರುತ್ತಿದ್ದಳು. ಪತ್ರಿಕೆಯಲ್ಲಿ ಹಾಕಿಸೋಣ ಅಂದರು, ಫೋಟೋ ಇಲ್ಲದ್ದಕ್ಕೆ ಬಿಟ್ಟರು. ಮೆಹಬೂಬ್ ಪಾಷಾ ತುಮಕೂರು, ತಿಪಟೂರುಗಳ ಬಸ್ ಸ್ಟ್ಯಾಂಡುಗಳಲ್ಲಿ ಅಲೆದು, ಕೈಲಾಗದೆ ಮತ್ತೆ ಲಾರಿ ಹತ್ತಿದ. ಸುಬ್ಬಮ್ಮ ಮಾತ್ರ ದಿನಾ ಮಧ್ಯಾಹ್ನ ಬುಟ್ಟಿ ಖಾಲಿಯಾದ ಮೇಲೆ ಕನೀಜಳ ಮನೆಗೆ ಬಂದು ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದಳು. ನಾನಾದ್ರೂ ಕೂಗ್ಬೇಕಿತ್ತು ಅಂತ ಅವಳು, ನಾನೇ ಕರೆಯೋಕೆ ಹೋಗ್ಬೇಕಿತ್ತು ಅಂತ ಇವಳು.

ಮಗು ಸಿಕ್ಕಿದ್ದು ದೀಪಾವಳಿಯ ಹೊತ್ತಿಗೆ. ಸಿದ್ರಾಮಪ್ಪ ಹಬ್ಬಕ್ಕೆ ರಜ ಹಾಕಿ ಊರಿಗೆ ಹೊರಟಿದ್ದ. ಆ ದಾರಿಯ ಗಾಡಿ ಅರಸೀಕೆರೆಯಲ್ಲಿ ತುಂಬ ಹೊತ್ತು ನಿಲ್ಲುತ್ತದೆ. ಅವನು ಇಳಿದು, ಪ್ಲಾಟ್‌ಫಾರ್ಮಿನ ಚಹಾದವರನ್ನು, ಹಮಾಲಿಗಳನ್ನು ವಿಚಾರಿಸಿದ. ಕಡ್ಲೆಕಾಯಿ ಮಾರುವ ನಾರಾಯಣಮ್ಮ ಅನ್ನುವ ಹೆಂಗಸು ನೆನಪಿಟ್ಟುಕೊಂಡಿದ್ದಳು. ಒಂದು ಹುಡುಗಿ ಫುಪ್ಪು ಫುಪ್ಪು ಅಂತ ಅಳುತ್ತಿದ್ದುದನ್ನು ಕಂಡು, ಈ ಮಗು ನಿನ್ನದೇನಾ ಅಂತ ಹಸಿರು ಸೀರೆಯವಳನ್ನು ಜೋರು ದನಿಯಲ್ಲಿ ಕೇಳಿದ್ದಳಂತೆ. ಜನ ಸೇರುತ್ತಿದ್ದ ಹಾಗೆ ಆ ಹೆಂಗಸೂ ಗಂಡಸೂ ಮಗುವನ್ನು ಬಿಟ್ಟು ತಪ್ಪಿಸಿಕೊಂಡರು. ಪೊಲೀಸರು ಕರೆದುಕೊಂಡು ಹೋದರು ಅಂದಳು. ಆ ಪೊಲೀಸರನ್ನು ವಿಚಾರಿಸಿದರೆ, ಏಳು ವರ್ಷದ, ಬಿಳಿ ಅಂಗಿಯ ಹುಡುಗಿ ಕಳೆದಿದ್ದಾಳೆ ಅಂತ ಎಲ್ಲಿಂದಲೂ ತಿಳಿಸಿರಲಿಲ್ಲ. ಹೆದರಿದ್ದ ಮಗು ಯಶವಂತಪುರ ಅನ್ನಲಾರದೆ ತನಗೆ ಬಂದ ಹಾಗೆ ಏನೋ ಅಂದಿತ್ತು. ಅದು ಯಾವ ಊರು ಅಂತ ಯಾರಿಗೂ ಅರ್ಥವಾಗದೆ ಆ ಕಡೆಯ ಒಂದು ಬಾಲಮಂದಿರಕ್ಕೆ ಕಳಿಸಿದ್ದರು. ಸಿದ್ರಾಮಪ್ಪ ಊರಿಗೆ ಹೋಗುವುದನ್ನು ಬಿಟ್ಟು ಬಾಲಮಂದಿರಕ್ಕೆ ಹೋಗಿ ಮಗುವನ್ನು ನೋಡಿ ತಂತಿ ಕಳಿಸಿದ.

ಅಕ್ಕ ತಮ್ಮ ಇಬ್ಬರೂ ಹೋದರು. ಬಾಲಮಂದಿರದ ಆಫೀಸಿನಲ್ಲಿ ತಂದೆಯನ್ನು ಒಳಗೆ ಕರೆದು, ಕನೀಜಳನ್ನು ಜಗಲಿಯ ಮೇಲೆ ಕೂರಿಸಿದರು. ನಜ್ಮಾಳನ್ನು ಕರೆತಂದು ಇವರು ಯಾರು ಅಂತ ಕೇಳಿದರು. ಅವಳು ಅಪ್ಪನನ್ನು ನೋಡಿ, ಸ್ವಲ್ಪ ತಡೆದು, ಅಬ್ಬಾ, ನಮ್ಮಪ್ಪ ಅಂದಳು. ಆ ತಡವರಿಕೆ ಕಂಡು ಅಧಿಕಾರಿಗೆ ಅನುಮಾನ ಬಂತು. ಆಗ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಂಗವ್ವ ಅನ್ನುವವಳು, ಹೊರಗೊಬ್ಬಳು ಕೂತಾಳಲ್ರಿ, ಆಕೀನ ಕರೀರಿ ಅಂದಳು. ಕರೆಯುವ ಮುಂಚೆಯೇ ಮಗು ಬಾಗಿಲಲ್ಲಿ ಅವಳನ್ನು ಕಂಡು ಓಡಿಬಂದು ಸೆರಗು ಹಿಡಿದುಕೊಂಡಿತು. ಮಗುವಿನ ತಲೆಗೂದಲು ಬೋಳಿಸಿದ್ದರು, ಹೇನಾಗಿತ್ತಂತೆ. ಕನೀಜ್ ಆ ಬೋಳು ತಲೆಯ ಮೇಲೆ ಕೈಯಿಟ್ಟುಕೊಂಡೇ ಸಂಜೆವರೆಗೂ ಕೂತಿದ್ದಳು. ಕಾಗದಕ್ಕೆ ಸಹಿ ಹಾಕಿದ್ದು ಮೆಹಬೂಬ್ ಪಾಷಾ.

ನಜ್ಮಾ ಎಷ್ಟೋ ತಿಂಗಳು ರೈಲಿನ ಕೂಗು ಕೇಳಿದರೆ ಕೋಣೆಯ ಮೂಲೆ ಸೇರುತ್ತಿದ್ದಳು. ಸ್ಟೇಷನ್ನಿನ ಹತ್ತಿರ ಮನೆ ಇದ್ದವರಿಗೆ ಅದರಿಂದ ಎಲ್ಲಿ ಬಿಡುಗಡೆ. ಕೊನೆಗೆ ಕನೀಜ್ ಮನೆ ಬದಲಿಸಿ ಆರ್.ಟಿ. ನಗರದ ಕಡೆ ಒಂದು ಹಿತ್ತಲ ಕೋಣೆ ಹಿಡಿದಳು.

ಹೊರಡುವ ಮುಂಚೆ ಎರಡು ಕಡೆ ಹೋಗಿ ಬಂದಳು. ಮೊದಲು ಠಾಣೆಗೆ. ಆ ಹೆಂಗಸು ಸಿಕ್ಕಳಾ ಅಂತ ಕೇಳಿದಳು. ಮಗು ಸಿಕ್ಕಿದೆ, ಕೇಸು ಮುಗಿದಿದೆ, ಇನ್ನೇನಮ್ಮ ಬೇಕು ನಿಂಗೆ ಅಂದ ನರಸಿಂಹಯ್ಯ. ಸಿದ್ರಾಮಪ್ಪ ಅಲ್ಲಿರಲಿಲ್ಲ. ಅವನನ್ನು ಚಿತ್ರದುರ್ಗದ ಕಡೆಗೆ ವರ್ಗ ಮಾಡಿದ್ದರು. ಚೀಟಿ ಬರೆದದ್ದಕ್ಕೋ ಬೇರೆ ಏನಕ್ಕೋ, ಅದನ್ನು ಯಾರೂ ಹೇಳಲಿಲ್ಲ.

ಆಮೇಲೆ ಸ್ಟೇಷನ್ ಮಾಸ್ಟರ್ ಹತ್ತಿರ ಹೋದಳು. ಅವರಿಗೆ ಒಂದು ಕಟ್ಟು ಊದುಬತ್ತಿ ಕೊಟ್ಟು, ಆವತ್ತು ಇನ್ನೂ ಸ್ವಲ್ಪ ಮುಂಚೆ ಫೋನ್ ಮಾಡಿದ್ದರೆ ಆಗುತ್ತಿತ್ತಾ ಅಂತ ಕೇಳಿದಳು. ಆ ಮನುಷ್ಯ ಸುಳ್ಳು ಹೇಳಲಿಲ್ಲ. ಒಂಟಿ ಹಳಿಯಾದ್ದರಿಂದ ಎದುರಿಂದ ಬರುವ ಗಾಡಿಗೆ ದಾರಿ ಬಿಡಲು ಆ ಪ್ಯಾಸೆಂಜರ್ ಸೋಲದೇವನಹಳ್ಳಿಯಲ್ಲಿ ಬಹಳ ಹೊತ್ತು ನಿಂತಿತ್ತು ಅಂದರು. ಕನೀಜ್ ಲೆಕ್ಕ ಹಾಕಿದಳು. ತಾನು ಆ ಕಪ್ಪು ಫೋನಿನ ಎದುರು ಕೈ ಮುಗಿದು ನಿಂತಿದ್ದಾಗ ಗಾಡಿಯೂ ನಿಂತಿತ್ತು. ಮಗು ಒಳಗಿತ್ತು. ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಐದಾರು ವರ್ಷ ಕಳೆದ ಮೇಲೆ ಒಂದು ದಿನ ಸುಬ್ಬಮ್ಮ ಅಳುತ್ತಾ ಆರ್.ಟಿ. ನಗರಕ್ಕೆ ಬಂದಳು. ಸಂತೆಗೆ ಕರೆದುಕೊಂಡು ಹೋಗಿದ್ದ ಮೊಮ್ಮಗಳು ಕಾಣುತ್ತಿಲ್ಲ. ಕನೀಜ್ ಕೈಲಿದ್ದ ಕೆಲಸ ಬಿಟ್ಟು ಅವಳ ಜೊತೆ ಸಂತೆ ಕಡೆಯ ಠಾಣೆಗೆ ಹೋದಳು. ಬೇರೆ ಠಾಣೆ, ಬೇರೆ ರೈಟರು. ಅವನೂ ತಂದೆ ತಾಯಿ ಎಲ್ಲಿ ಅಂದ, ಅವರು ಬರಲಿ ಅಂದ. ಕನೀಜ್ ಮೇಜಿನ ಎದುರು ನೆಲದ ಮೇಲೆ ಕೂತುಬಿಟ್ಟಳು.

"ನಾನು ಮಗೂಗೆ ಏನೂ ಆಗ್ಬೇಕಿಲ್ಲ. ನೀವು ಫೋನ್ ಮಾಡೋವರ್ಗೂ ಏಳಲ್ಲ."

ಎಬ್ಬಿಸಲು ನೋಡಿದರು, ಹೆದರಿಸಿದರು. ಬಾಗಿಲಲ್ಲಿ ಜನ ಸೇರಿದರು. ಕೊನೆಗೆ ರೈಟರ್ ಗೊಣಗಿಕೊಂಡೇ ಬಸ್ ಸ್ಟ್ಯಾಂಡಿಗೆ, ಆಮೇಲೆ ರೈಲ್ವೆಯವರಿಗೆ ಫೋನ್ ಮಾಡಿ ಹುಡುಗಿಯ ಗುರುತು ಹೇಳಿದ, ಸಂತೆಗೆ ಒಬ್ಬ ಪೊಲೀಸನನ್ನು ಅಟ್ಟಿದ. ಹುಡುಗಿ ಯಾರದೋ ಎತ್ತಿನ ಗಾಡಿಯಲ್ಲಿ ಗೋಣಿಚೀಲದ ಮೇಲೆ ನಿದ್ದೆ ಹೋಗಿದ್ದಳು. ನೋಡಮ್ಮ, ಇದಕ್ಕೆ ಎಷ್ಟು ರಂಪ ಮಾಡಿದೆ ಅಂದ ರೈಟರ್.

ಸುಬ್ಬಮ್ಮ ಮೊಮ್ಮಗಳನ್ನು ಎತ್ತಿಕೊಂಡು ಪೊಲೀಸರಿಗೂ ಕನೀಜಳಿಗೂ ಕೈ ಮುಗಿದು ಹೋದಳು. ಕನೀಜ್ ಮನೆಗೆ ಬಂದಾಗ ಮುಖ ಕೆಂಪಾಗಿತ್ತು. ಮಗು ಸಿಕ್ಕಿತಲ್ಲ ಫುಪ್ಪು, ಮತ್ತೆ ಯಾಕೆ ಸಿಟ್ಟು ಅಂತ ನಜ್ಮಾ ಕೇಳಿದಳು. ಆಗಲೇ ಹೈಸ್ಕೂಲಿಗೆ ಹೋಗುತ್ತಿದ್ದಳು.

ಕನೀಜ್ ಕಾಲು ತೊಳೆದುಕೊಂಡು ಬಂದು ಮಣೆಯ ಮುಂದೆ ಕೂತಳು. ಎರಡು ಫೋನ್ ಮಾಡೋಕೆ ಅವನಿಗೆ ಒಂದು ಲೋಟ ಚಾ ಕುಡಿಯುವಷ್ಟು ಹೊತ್ತೂ ಹಿಡೀಲಿಲ್ಲ ಅಂದಳು. ಅಷ್ಟು ಹೇಳಿ, ಬಿಟ್ಟುಹೋಗಿದ್ದಾಗ ಒಣಗಿದ್ದ ಊದುಬತ್ತಿಯ ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ನಾದತೊಡಗಿದಳು.